ಕಣ್ಣಿನ ಬಿಳಿ

ಮನೆಯಿಂದ,
ತಾರೀಖು ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡೂ,

ಹೇಗಿದ್ದೀಯಮ್ಮಾ? ಊಟ ಸರಿಯಾಗಿ ಮಾಡುತ್ತಿದ್ದೀಯಾ? ಅಥವಾ ರೋಗಿಗಳಿಗೆಲ್ಲ ಹೊತ್ತುಹೊತ್ತಿಗೆ ಊಟ ಮಾಡಿ ಎಂದು ಬುದ್ಧಿ ಹೇಳಿ, ನೀನು ಮಾತ್ರ ನಿಂತಲ್ಲೇ ಎರಡು ಬಿಸ್ಕತ್ತು ತಿಂದು ನೀರು ಕುಡಿದು ಓಡುತ್ತಿದ್ದೀಯಾ? ಕುತ್ತಿಗೆ ನೋವು ಕಡಿಮೆಯಾಯಿತೆ? ಪರದೆಯ ಕಡೆ ಬಗ್ಗಿ ಬಗ್ಗಿ ನೋಡಿಯೇ ಅದು ಬಂದದ್ದೆಂದು ನಾನು ಅವತ್ತೇ ಹೇಳಿದ್ದೆ. ದೊಡ್ಡಾಸ್ಪತ್ರೆಯ ಡಾಕ್ಟರಿಗೆ ಅಪ್ಪನ ವೈದ್ಯ ಬೇಕಿಲ್ಲ, ಬಿಡು. ಇಷ್ಟು ದೊಡ್ಡವಳಾದ ಮೇಲೂ ಗುಂಡೂ ಎಂದು ಕರೆಯಬಾರದೆಂದು ನಿಮ್ಮಮ್ಮ ಗದರುತ್ತಲೇ ಇರುತ್ತಾಳೆ. ಈಗ ನೀನು ಸೊರಗಿ ಕಡ್ಡಿಯಾಗಿರುವುದು ನನಗೂ ಗೊತ್ತು. ಆದರೂ ಹೆಸರು ಬದಲಾಯಿಸಲು ಮನಸ್ಸು ಬರುವುದಿಲ್ಲ.

ಫೋನಿರುವಾಗ ಅಪ್ಪ ಕಾಗದ ಯಾಕೆ ಬರೆದ ಎಂದುಕೊಳ್ಳುತ್ತೀಯ. ಶುಕ್ರವಾರದಿಂದ ಎರಡು ಸಲ ಫೋನ್ ಮಾಡಿದ್ದೆನಲ್ಲ, ನೆನಪಿದೆಯಾ? ಎರಡು ಸಲವೂ ನೀನು "ಅಪ್ಪಾ" ಎಂದೊಡನೆ ನನ್ನ ನಾಲಿಗೆ ತಿರುಗಿಬಿಟ್ಟಿತು. "ಊಟ ಆಯ್ತಾ" ಎಂದು ಕೇಳಿ, ನೀನು ಹ್ಞೂಂ ಎನ್ನುವಷ್ಟರಲ್ಲಿ ಇಟ್ಟುಬಿಟ್ಟೆ. ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬರಲಿ ಎಂದು ಕೂತಿದ್ದೇನೆ. ಇದನ್ನು ನಾಳೆ ಬೆಳಗಿನ ಬಸ್ಸಿನಲ್ಲಿ, ಪರೀಕ್ಷೆಗೆಂದು ರಕ್ತದ ಸೀಸೆಗಳ ಪೆಟ್ಟಿಗೆ ನಿಮ್ಮಲ್ಲಿಗೆ ಬರುತ್ತದಲ್ಲ, ಅದರ ಜೊತೆ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ.

ಮೊದಲು ಇಲ್ಲಿಯ ಸುದ್ದಿ. ಅಲ್ಲಿ ದೊಡ್ಡಾಸ್ಪತ್ರೆಯಲ್ಲಿ ನೀನು ಕೂತು ಪರದೆಯಲ್ಲಿ ನಮ್ಮೂರ ರೋಗಿಗಳನ್ನು ನೋಡುತ್ತಿದ್ದ ಜಾಗದಲ್ಲಿ ಈಗ ಹೊಸ ಡಾಕ್ಟರು ಕೂರುತ್ತಾರೆ. ಒಳ್ಳೆಯವರೇ, ಆದರೆ ಮಾತು ರೈಲುಗಾಡಿ. ನಮ್ಮ ಕೋಣೆಗೆ ಅವರ ದನಿ ಬಂದು ತಲುಪುವುದೇ ತುಟಿ ಅಲ್ಲಾಡಿ ಒಂದು ಗಳಿಗೆಯಾದ ಮೇಲೆ. ಹಾಗಾಗಿ ರೋಗಿ ಮೊದಲ ಪ್ರಶ್ನೆಗೆ ಉತ್ತರ ಕೊಡುವ ಹೊತ್ತಿಗೆ ಇವರು ಮೂರನೆಯದಕ್ಕೆ ಹೋಗಿರುತ್ತಾರೆ. ನಮ್ಮ ಜನವೋ, ನಿನಗೆ ಗೊತ್ತಲ್ಲ, ಪರದೆ ಎದುರು ಕೂತರೆ ಬಾವಿಗೆ ಬಿದ್ದವರನ್ನು ಕೂಗುವ ಹಾಗೆ ಕೂಗುತ್ತಾರೆ. ಮೊನ್ನೆ ಒಬ್ಬ ಲಾರಿ ಡ್ರೈವರ್ ಗಂಟಲು ನೋವೆಂದು ಬಂದ. ಸಣ್ಣ ಕ್ಯಾಮೆರಾ ಬಾಯಿಯ ಹತ್ತಿರ ಹಿಡಿದಿದ್ದೆ, ಅಷ್ಟರಲ್ಲಿ ಲೈನು ಹೋಯಿತು. ಅದು ಮತ್ತೆ ಬರುವವರೆಗೂ ಪುಣ್ಯಾತ್ಮ ಬಾಯಿ ತೆರೆದೇ ಕೂತಿದ್ದ. ಮುಚ್ಚಬಾರದಾ ಮಾರಾಯ ಎಂದರೆ, "ಡಾಕ್ಟ್ರು ಮುಚ್ಚು ಅಂದಿಲ್ವಲ್ಲ" ಎಂದ. ನೀನಿದ್ದಿದ್ದರೆ ನಗು ತಡೆಯಲಾರದೆ ಮೈಕು ಬಂದ್ ಮಾಡುತ್ತಿದ್ದೆ. ನೀನು ಮೈಕು ಬಂದ್ ಮಾಡಿದಾಗಲೆಲ್ಲ ಹೆಗಲು ಕುಣಿಯುವುದು ಇಲ್ಲಿಂದ ಕಾಣುತ್ತಿತ್ತು. ಅದನ್ನು ನೋಡುವುದಕ್ಕೇ ನಾನು ಕೆಲಸಕ್ಕೆ ಹೋಗುತ್ತಿದ್ದೆ ಎಂದರೂ ತಪ್ಪಲ್ಲ.

ಇನ್ನು ನಿಮ್ಮಮ್ಮನ ವಿಷಯ. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಲ್ಲ. ಊಟದ ಎದುರು ಕೂತು ತಟ್ಟೆ ತಿರುಗಿಸುತ್ತಾಳೆ. ಮೈ ಕೆರೆತ ಹೆಚ್ಚಾಗಿದೆ. ನನಗೆ ಕಾಣಬಾರದೆಂದು ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಳ್ಳುತ್ತಾಳೆ. ಹೊಸ ಡಾಕ್ಟರು ಹೇಳಿದ್ದು ನಿನಗೆ ಗೊತ್ತೇ ಇದೆ: ಪಿತ್ತ ಹರಿಯುವ ನಾಳದಲ್ಲಿ ಕಲ್ಲೋ ಮತ್ತೊಂದೋ ಸಿಕ್ಕಿಕೊಂಡಿದೆ, ಅಲ್ಲಿಗೇ ಬಂದು ನೋಡಿಸಿ ತೆಗೆಸಬೇಕು, ಕೀವಾದರೆ ಕಷ್ಟ. ನೀನು ಓಡಾಡಿ ಸೋಮವಾರದವರೆಗೆ ಹಾಸಿಗೆ ಹಿಡಿದಿಟ್ಟಿದ್ದೀಯೆಂದು ಅವರೇ ಹೇಳಿದರು. ಇವಳು ಕೇಳಬೇಕಲ್ಲ! ಗೋಡೆಗಾದರೂ ಬುದ್ಧಿ ಹೇಳಬಹುದು. "ನನ್ನ ಮಗಳು ಕಣ್ಣು ಬಿಡಿಸಿ ನೋಡಿ ಏನೂ ಇಲ್ಲ ಅಂದಿದ್ದಾಳೆ. ಇವರೇನು ಅವಳಿಗಿಂತ ಹೆಚ್ಚು ಓದಿದವರಾ?" ಎಂದು ಒಂದೇ ಹಟ. ರಕ್ತದ ವರದಿ ತೋರಿಸಿದರೆ ಸೀಸೆ ಅದಲುಬದಲಾಗಿದೆ ಎನ್ನುತ್ತಾಳೆ. ನಾನೇ ಬರುತ್ತೇನೆ ಎಂದು ನೀನು ಹೇಳಿದಾಗ, ಬಂದರೆ ಬಾಗಿಲು ತೆಗೆಯುವುದಿಲ್ಲ ಎಂದು ನಿನಗೆ ಫೋನಿನಲ್ಲಿ ರೇಗಿದಳಲ್ಲ, ಅದಾದ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತಳು. ಯಾಕೆ ಹೀಗೆ ಮಾಡುತ್ತೀಯೆ ಎಂದು ಕೇಳಿದೆ. ಆಗ ಅಸಲು ಮಾತು ಹೊರಬಿತ್ತು. "ನಾನು ಹೋಗಿ ಆ ಆಸ್ಪತ್ರೇಲಿ ಮಲಗಿದ್ರೆ ಏನರ್ಥ ಹೇಳಿ? ಹೆತ್ತ ತಾಯಿಯ ರೋಗಾನೇ ಇವಳಿಗೆ ಗೊತ್ತಾಗ್ಲಿಲ್ಲ ಅಂತ ಅವಳ ಜೊತೆಯವರೆಲ್ಲ ಆಡ್ಕೊಳ್ಳಲ್ವಾ? ಅವಳ ಮಾನ ಕಳೆದು ನಾನು ಬದುಕಬೇಕಾ?" ಎಂದಳು. ನಾನು ಅಲ್ಲೇ ನಿಂತಿದ್ದೆ. ಹೇಳಬೇಕಾದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನೀರು ಕುಡಿ ಎಂದು ಲೋಟ ಕೊಟ್ಟು ಹೊರಗೆ ಬಂದೆ.

ಮಗಳೇ, ನೀನು ನೋಡಿದ್ದು ತಪ್ಪಲ್ಲ. ನಿನಗೆ ತೋರಿಸಿದ್ದು ತಪ್ಪು. ತೋರಿಸಿದವನು ನಾನು.

ಗುರುವಾರ ವರದಿ ಬಂದ ಮೇಲೆ ನೀನು ಪರದೆಯಲ್ಲಿ ನರ್ಸಮ್ಮನ ಜೊತೆ ಮಾತಾಡಿದೆಯಲ್ಲ, ಆಗ ನಾನು ಕೋಣೆಯ ಹೊರಗೆ, ಬಾಗಿಲ ಮರೆಯಲ್ಲಿ, ಯಾವುದೋ ವೈರು ಸುತ್ತುತ್ತ ನಿಂತಿದ್ದೆ. "ನಾನು ಮಗಳ ಕಣ್ಣಲ್ಲಿ ನೋಡಿದೆ ನರ್ಸಮ್ಮಾ, ಡಾಕ್ಟರ ಕಣ್ಣಲ್ಲಿ ನೋಡ್ಲಿಲ್ಲ. ಅಮ್ಮ ಚೆನ್ನಾಗಿರ್ಲಿ ಅಂತ ಆಸೆ ಇತ್ತು, ಚೆನ್ನಾಗೇ ಕಂಡ್ಲು. ಇನ್ಮೇಲೆ ನಾನು ಪರದೆ ಮುಂದೆ ಕೂರಲ್ಲ" ಎಂದೆ. ನಿನ್ನ ದನಿ ಒಡೆದದ್ದು ಸ್ಪೀಕರಿನಲ್ಲಿ ಚೆನ್ನಾಗಿ ಕೇಳಿತು. ಆಗಲೇ ಒಳಗೆ ಬಂದು ಹೇಳಬಹುದಿತ್ತು. ಹೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕಂಡೂ ಸುಮ್ಮನೆ ನಿಂತೆ, ಅದೂ ಬರೆ ಬೀಳುತ್ತಿದ್ದದ್ದು ನನ್ನ ಮಗಳ ಮೇಲೆ. ನಾಚಿಕೆಯಾಗುತ್ತದೆ, ಗುಂಡೂ.

ಹೇಗಾಯಿತೆಂದು ಪೂರ್ತಿ ಹೇಳುತ್ತೇನೆ, ಕೇಳು. ಜನರೆಲ್ಲ ಫೋನಿನಲ್ಲೇ ಫೋಟೊ ತೆಗೆದುಕೊಳ್ಳಲು ಶುರುಮಾಡಿ ನನ್ನ ಸ್ಟುಡಿಯೊ ಮುಚ್ಚಿದ ಮೇಲೆ ನಾನು ಮನೆಯಲ್ಲಿ ಕೂತು ನಿಮ್ಮಮ್ಮನ ತಲೆ ತಿನ್ನುತ್ತಿದ್ದೆ. ನಮ್ಮ ಸಣ್ಣಾಸ್ಪತ್ರೆಗೆ ಈ ಯಂತ್ರ ಬಂದಾಗ ಕ್ಯಾಮೆರಾ, ದೀಪ ತಿಳಿದವರು ಬೇಕೆಂದರು. ನೀನೇ ನನ್ನ ಹೆಸರು ಹೇಳಿದೆ. ಔಷಧಿ ಪೆಟ್ಟಿಗೆ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿ ದೊಡ್ಡ ಪರದೆ, ಕ್ಯಾಮೆರಾ, ಎದೆಬಡಿತವನ್ನು ನಿನ್ನ ಕಿವಿಗೆ ಮುಟ್ಟಿಸುವ ಆ ಗುಂಡನೆಯ ಬಿಲ್ಲೆ, ಎಲ್ಲ ಜೋಡಿಸಿದರು. ಯಂತ್ರ ಕೂರಿಸಲು ಬಂದ ಎಂಜಿನಿಯರ್ ನನ್ನ ಕೈಗೆ ಒಂದು ಬಣ್ಣದ ರಟ್ಟು ಕೊಟ್ಟ. ಅದರ ಮೇಲೆ ಕೆಂಪು, ಹಳದಿ, ಬೂದಿ, ಬಿಳಿ ಚೌಕಗಳು. ದಿನಾ ಬೆಳಿಗ್ಗೆ ಇದನ್ನು ಕ್ಯಾಮೆರಾ ಮುಂದೆ ಹಿಡಿದು ಗುಂಡಿ ಒತ್ತಿ, ಇಲ್ಲಿಯ ಬಣ್ಣ ಅಲ್ಲಿಯೂ ಹಾಗೇ ಕಾಣುತ್ತದೆ, ಬೇರೇನೂ ಮುಟ್ಟಬೇಡಿ ಎಂದ. ಅವನು ಹುಟ್ಟುವ ಮೊದಲಿಂದ ಮುಖಗಳಿಗೆ ಬೆಳಕು ಬಿಟ್ಟವನು ನಾನು. ನನಗೆ ಬಣ್ಣ ಹೇಳಿಕೊಡಲು ಬಂದನಲ್ಲ ಎಂದು ಮೂಗಿನ ತುದಿಗೆ ಕೋಪ ಬಂತು. ಅವನು ಹೋದ ವಾರಕ್ಕೇ ಮೇಜಿನ ಕಾಲು ಅಲ್ಲಾಡುತ್ತಿತ್ತೆಂದು ಆ ರಟ್ಟನ್ನು ನಾಲ್ಕಾಗಿ ಮಡಿಸಿ ಅದರ ಕೆಳಗೆ ಕೊಟ್ಟೆ. ಮೇಜು ನಿಂತಿತು.

ಆ ಕೋಣೆಯ ಟ್ಯೂಬ್‌ಲೈಟಿನಲ್ಲಿ ಯಾರು ಕೂತರೂ ಹೆಣದ ಕಳೆ. ಜ್ವರದವರು ಬಂದು ಪರದೆಯ ಮೂಲೆಯಲ್ಲಿ ತಮ್ಮ ಮುಖ ತಾವೇ ನೋಡಿ ಇನ್ನಷ್ಟು ಹೆದರುತ್ತಿದ್ದರು. ನನ್ನ ಸ್ಟುಡಿಯೊದಿಂದ ಯಾರೂ ಸಪ್ಪೆ ಮುಖ ತೆಗೆದುಕೊಂಡು ಹೋದದ್ದಿಲ್ಲ. ರಾತ್ರಿಪಾಳಿ ಮುಗಿಸಿ ಬಂದವರೂ ನನ್ನ ಫೋಟೊದಲ್ಲಿ ಈಗ ತಾನೇ ನಿದ್ದೆ ಮುಗಿಸಿ ಎದ್ದವರ ಹಾಗೆ ಇರುತ್ತಿದ್ದರು. ಅದೇ ಚಾಳಿ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕಲಿತ ಗುಣವೂ ಹಾಗೇ. ಹಳೆಯ ಸ್ಟುಡಿಯೊ ದೀಪ ತಂದು ಪಕ್ಕದಲ್ಲಿ ನಿಲ್ಲಿಸಿದೆ. ಕ್ಯಾಮೆರಾದಲ್ಲಿ ಹಳದಿ ಸ್ವಲ್ಪ ಇಳಿಸಿದೆ, ಗುಲಾಬಿ ಸ್ವಲ್ಪ ಏರಿಸಿದೆ. ನಮ್ಮ ಕಸುಬಿನಲ್ಲಿ ಇದು ಎಲ್ಲರಿಗೂ ಗೊತ್ತು: ಹಳದಿ ಇಳಿಸಿದರೆ ಹಲ್ಲು, ಕಣ್ಣಿನ ಬಿಳಿ ಎರಡೂ ಮುತ್ತಾಗುತ್ತವೆ. ಜನ ಪರದೆಯಲ್ಲಿ ತಮ್ಮನ್ನು ನೋಡಿ ಅರ್ಧ ವಾಸಿಯಾದೆವು ಎನ್ನುತ್ತಿದ್ದರು. ನೀನೂ ಒಂದು ದಿನ, "ಅಪ್ಪಾ, ನಿನ್ನ ಕೋಣೆಯ ಚಿತ್ರ ಬೇರೆಲ್ಲ ಕಡೆಗಿಂತ ಚೆನ್ನಾಗಿ ಬರುತ್ತೆ" ಎಂದೆ. ಆ ಮಾತಿಗೆ ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಈಗ ನಿಮ್ಮಮ್ಮ ಬಂದು ಕೂತ ದಿನ. ಮೈ ಕೆರೆತ, ಸುಸ್ತು ಎಂದು ನಿನಗೆ ತೋರಿಸಲು ನಾನೇ ಕರೆದುಕೊಂಡು ಹೋಗಿದ್ದೆ. ನರ್ಸಮ್ಮ ತಂಗಿಯ ಹೆರಿಗೆಗೆಂದು ರಜೆಯಲ್ಲಿದ್ದಳು, ಹಾಗಾಗಿ ಕೋಣೆಯಲ್ಲಿ ನಾವಿಬ್ಬರೇ. ಲೈನು ಸಿಗುವ ಮೊದಲು ಪರದೆಯಲ್ಲಿ ಅವಳನ್ನು ನೋಡಿದೆ. ನಾನು ಅಷ್ಟು ತಿದ್ದಿಟ್ಟ ಮೇಲೂ ಅವಳ ಮುಖ ಹಳದಿ ಹೊಡೆಯುತ್ತಿತ್ತು. ಕಂಡಿತು, ಗುಂಡೂ. ನನಗೆ ಕಂಡಿತು. ನಿತ್ಯ ಮನೆಯಲ್ಲಿ ಎದುರೆದುರು ಇದ್ದೂ ಕಾಣದ್ದು ಪರದೆಯಲ್ಲಿ ಕಣ್ಣಿಗೆ ಹೊಡೆಯಿತು. ಆದರೆ ರೋಗವೆಂದು ನನಗೆ ಹೊಳೆಯಲೇ ಇಲ್ಲ. ದೀಪ ಹಳೆಯದಾಗಿ ಹಳದಿ ಕಾರುತ್ತಿದೆ ಎಂದುಕೊಂಡೆ. "ಇರು, ನಿನ್ನ ಬಣ್ಣ ಸರಿಮಾಡ್ತೀನಿ" ಎಂದು ಅವಳಿಗೆ ಹೇಳಿ, ಹಳದಿಯನ್ನು ಇನ್ನೂ ಇಳಿಸಿದೆ. ಮುಖ ತಿಳಿಯಾಯಿತು. ಮಗಳ ಮುಂದೆ ಕೂರುತ್ತೇನೆಂದು ಅವಳು ಕೂದಲು ಸರಿಮಾಡಿಕೊಂಡಳು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುವ ಗಾದೆ ಕೇಳಿದ್ದೇವೆ. ಕಾಮಾಲೆಯನ್ನೇ ಬೆಳ್ಳಗೆ ಮಾಡಿ ತೋರಿಸಿದವನು ಮಾತ್ರ ನಿನ್ನ ಅಪ್ಪನೊಬ್ಬನೇ ಇರಬೇಕು.

ನೀನು ಮಾಡಬೇಕಾದ್ದನ್ನೆಲ್ಲ ಮಾಡಿದೆ. "ಕಣ್ಣು ಅಗಲಿಸಮ್ಮಾ, ಕೆಳಗಿನ ರೆಪ್ಪೆ ಎಳಿ, ಮೇಲೆ ನೋಡು" ಎಂದೆ. ಕ್ಯಾಮೆರಾ ಹತ್ತಿರ ತರಿಸಿದೆ. ಎರಡು ಸಲ ನೋಡಿದೆ. ನೀನು ಹುಡುಕುತ್ತಿದ್ದದ್ದು ಅದನ್ನೇ ಎಂದು ಈಗ ಗೊತ್ತಾಗುತ್ತಿದೆ. ಎರಡು ಸಲವೂ ನಿನಗೆ ಕಂಡದ್ದು ನನ್ನ ಕೈಚಳಕ. "ಬಿಳಿಯಾಗೇ ಇದೆ" ಎಂದು ನಿನಗೆ ನೀನೇ ಹೇಳಿಕೊಂಡೆ. ಒಣಚರ್ಮ ಇರಬಹುದು, ಎಣ್ಣೆ ಹಚ್ಚು, ಆದರೂ ರಕ್ತ ಒಂದು ಸಲ ಪರೀಕ್ಷೆ ಮಾಡಿಸು ಎಂದೆ. ಮಗಳೇ ಏನೂ ಇಲ್ಲ ಎಂದ ಮೇಲೆ ಸೂಜಿ ಯಾಕೆ ಚುಚ್ಚಿಸಿಕೊಳ್ಳಲಿ ಎಂದು ಇವಳು ಮುಂದೂಡಿದಳು. ನಾನೂ ಒತ್ತಾಯ ಮಾಡಲಿಲ್ಲ. ಮೂರು ವಾರ ಹೀಗೇ ಹೋಯಿತು. ರಜೆ ಮುಗಿಸಿ ಬಂದ ನರ್ಸಮ್ಮ, ನನಗೆ ಊಟದ ಡಬ್ಬಿ ಕೊಡಲು ಬಂದ ಇವಳನ್ನು ಆಸ್ಪತ್ರೆಯ ಅಂಗಳದ ಬಿಸಿಲಿನಲ್ಲಿ ಕಂಡು, ಡಬ್ಬಿ ಕೆಳಗಿಡುವ ಮೊದಲೇ ರೆಪ್ಪೆ ಎಳೆದು ನೋಡಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಉಳಿದದ್ದು ನಿನಗೆ ಗೊತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ವರದಿ ಬಂದಾಗಿನಿಂದ ನನ್ನ ಗತಿ ಅದೇ. ಯಾರಾದರೂ "ಬಣ್ಣ" ಎಂದರೆ ಸಾಕು, ಕೆಲಸ ಬಿಟ್ಟು ತಿರುಗಿ ನೋಡುತ್ತಿದ್ದೆ. ಶುಕ್ರವಾರ ಕೋಣೆ ಖಾಲಿಯಾದಾಗ ಮೇಜು ಎತ್ತಿ ಆ ರಟ್ಟು ಹೊರಗೆಳೆದೆ. ಮಡಿಕೆ ಬಿಡಿಸಿ ಕ್ಯಾಮೆರಾ ಮುಂದೆ ಹಿಡಿದೆ. ಕೈಯಲ್ಲಿದ್ದ ಹಳದಿ ಚೌಕ ಪರದೆಯಲ್ಲಿ ಹಾಲಿನ ಕೆನೆಯ ಬಣ್ಣಕ್ಕಿತ್ತು. ಕೈ ನೋಡುವುದು, ಪರದೆ ನೋಡುವುದು. ಎಷ್ಟು ಸಲ ನೋಡಿದರೂ ಅಷ್ಟೇ. ಅಲ್ಲಿಯವರೆಗೆ ಏನೋ ಒಂದು ಆಸೆಯಿತ್ತು, ಅಷ್ಟೊಂದೇನೂ ಬದಲಾಗಿರಲಿಕ್ಕಿಲ್ಲ ಎಂದು. ಅದೂ ಹೋಯಿತು.

ನಿನ್ನೆ ನರ್ಸಮ್ಮನಿಗೆ ಹೇಳಿದೆ. ಅವಳು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಫೋಟೊ ಸಾರ್, ಇಷ್ಟು ದಿನ ಇಲ್ಲಿ ಕೂತೋರೆಲ್ಲರನ್ನೂ ಮತ್ತೆ ಕರೀಬೇಕಲ್ಲ" ಎಂದಳು, ಅಷ್ಟೇ. ಕೂತು ಒಬ್ಬೊಬ್ಬರಿಗೇ ಫೋನ್ ಮಾಡಲು ಶುರುಮಾಡಿದಳು. ನಾನು ಇಷ್ಟು ದಿನ ನಿಮ್ಮಮ್ಮನ ಬಗ್ಗೆ, ನಿನ್ನ ಬಗ್ಗೆ ಮಾತ್ರ ಸಂಕಟಪಡುತ್ತಿದ್ದೆ. ಆ ಕುರ್ಚಿಯಲ್ಲಿ ಇನ್ನೆಷ್ಟು ಜನರನ್ನು ಕೂರಿಸಿ ಚೆಂದ ಮಾಡಿ ಕಳಿಸಿದ್ದೇನೆ ಎಂದು ಅವಳು ಹೇಳುವವರೆಗೆ ತಲೆಗೆ ಹೋಗಿರಲಿಲ್ಲ. ಹೊಸ ಡಾಕ್ಟರಿಗೂ ಹೇಳಿದೆ. ಆ ರೈಲುಗಾಡಿ ಎಷ್ಟು ಹೊತ್ತು ಸುಮ್ಮನಾಯಿತೆಂದರೆ ಲೈನು ಹೋಯಿತೆಂದು ವೈರು ಅಲ್ಲಾಡಿಸಲು ಹೋದೆ. ಆಮೇಲೆ, "ನಿಮ್ಮ ಮಗಳಿಗೆ ನೀವೇ ಹೇಳಿ, ನಾನು ಹೇಳಲ್ಲ. ಆದ್ರೆ ಬೇಗ ಹೇಳಿ" ಎಂದರು. ದೀಪ ಮನೆಗೆ ತಂದಿದ್ದೇನೆ. ಕೋಣೆಯ ಕೀಲಿ ನರ್ಸಮ್ಮನಿಗೆ ಕೊಟ್ಟಿದ್ದೇನೆ. ಮತ್ತೆ ಕರೆದರೆ ಹೋಗುವೆನೋ ಇಲ್ಲವೋ ಗೊತ್ತಿಲ್ಲ, ಕರೆಯುವವರಾದರೂ ಯಾರು.

ನೀನು ಪರದೆ ಮುಂದೆ ಕೂರುವುದನ್ನು ಬಿಡಬೇಡ, ಮಗಳೇ. ಇಲ್ಲಿ ಜನ ನಿನ್ನನ್ನು ಕೇಳುತ್ತಾರೆ. ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಮಗಳಾಗಿ ನೋಡಿದೆಯೋ ಡಾಕ್ಟರಾಗಿ ನೋಡಿದೆಯೋ, ಆವತ್ತು ಆ ಪರದೆಯಲ್ಲಿ ಯಾರು ನೋಡಿದ್ದರೂ ಅಷ್ಟೇ ಕಾಣುತ್ತಿತ್ತು. ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. ಅವಳು ಒಳಗೆ ಮಲಗಿದ್ದಾಳೆ. ಎದ್ದಮೇಲೆ ಹೇಳುತ್ತೇನೆ. ಹೇಗೆ ಹೇಳುವೆನೋ ಆ ದೇವರಿಗೇ ಗೊತ್ತು. ಕ್ಷಮಿಸು ಎಂದು ನಿನ್ನನ್ನು ಕೇಳುವ ಮುಖ ನನಗಿಲ್ಲ. ಕೋಪ ಬಂದರೆ ಬರಲಿ, ನನ್ನ ಮೇಲೆ ಬರಲಿ. ನಿನ್ನ ಮೇಲೆ ನೀನು ಮಾಡಿಕೊಂಡಿರುವ ಕೋಪವನ್ನು ಇವತ್ತೇ ಬಿಟ್ಟುಬಿಡು.

ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ನೂರು ವರ್ಷ ಬಾಳಲಿ, ಅವರ ಹರಕೆಯೆಲ್ಲ ನಿನಗೆ ತಟ್ಟಲಿ.

ತಲೆ ತಗ್ಗಿಸಿ ಕೂತಿರುವ
ನಿನ್ನ ಅಪ್ಪ

ತಾ.ಕ.: ಅಕ್ಷರ ಕುಣಿದಿದೆ, ಬೇಸರ ಮಾಡಬೇಡ. ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಅವಳಿಗೆ ಇದನ್ನೇ ಮೊದಲಿಂದ ಕೊನೆಯವರೆಗೆ ಓದಿ ಹೇಳಿದೆ, ಬಾಯಲ್ಲಿ ಹೇಳಲಾಗಲಿಲ್ಲ. ಬೈಯುತ್ತಾಳೆ, ಲೋಟ ಎಸೆಯುತ್ತಾಳೆ ಎಂದುಕೊಂಡಿದ್ದೆ. "ಹಾಗಾದ್ರೆ ನನ್ನ ಮಗಳು ಸರಿಯಾಗೇ ನೋಡಿದ್ಲಾ?" ಎಂದು ಕೇಳಿದಳು. ಹೌದು ಎಂದೆ. ಮತ್ತೆ ಕೇಳಿದಳು. ಮತ್ತೆ ಹೌದು ಎಂದೆ. ಇನ್ನೊಂದು ಸಲ ಕೇಳಿ, ಎದ್ದು ಹೋಗಿ ಬಟ್ಟೆ ಚೀಲಕ್ಕೆ ತುಂಬತೊಡಗಿದಳು. ನನ್ನ ಜೊತೆ ಆಮೇಲೆ ಮಾತಾಡಿಲ್ಲ. ಈಗ ಕಿಟಕಿಯ ಪಕ್ಕ ನಿದ್ದೆ ಮಾಡುತ್ತಿದ್ದಾಳೆ, ಬೆಳಗಿನ ಬಿಸಿಲು ಮುಖದ ಮೇಲಿದೆ. ಎಷ್ಟು ಹಳದಿಯಾಗಿದ್ದಾಳೆ, ಗುಂಡೂ. ನನಗೆ ನೋಡಲಾಗುತ್ತಿಲ್ಲ, ಆದರೂ ನೋಡುತ್ತಿದ್ದೇನೆ. ಈ ಕಾಗದವನ್ನು ಡ್ರೈವರ್ ಕೈಗೆ ಕೊಟ್ಟಿಲ್ಲ, ಅವಳ ಕೈಗೇ ಕೊಡುತ್ತೇನೆ. ನೀನು ಇದನ್ನು ಓದುವಾಗ ಅವಳು ನಿನ್ನ ಎದುರಿಗೇ ನಿಂತಿರುತ್ತಾಳೆ. ತಲೆ ಎತ್ತಿ ಮೊದಲು ಅವಳ ಕಣ್ಣು ನೋಡು. ನಾನು ಕೆಳಗೆ ಮೆಟ್ಟಿಲ ಹತ್ತಿರ ಚೀಲ ಹಿಡಿದುಕೊಂಡು ನಿಂತಿರುತ್ತೇನೆ. ಅವಳನ್ನು ಹಾಸಿಗೆಗೆ ಸೇರಿಸಿದ ಮೇಲೆ, ಬೇಕೆನ್ನಿಸಿದರೆ ಕರೆ.